ಮನೆಯಲ್ಲೇ ಕಲ್ಲು ಪಾಲಿಶ್ ಮಾಡಬೇಕೇ? ಯಾವ ಕಲ್ಲಿಗೆ ಯಾವ ಸಾಧನ

ಕಲ್ಲು ಪಾಲಿಶ್ ಮಾಡುವ ಆಸೆ ಹುಟ್ಟಿದವರು ಮೊದಲು ಕೇಳುವುದು ಒಂದೇ ಮಾತು: ಯಾವ ಮೆಷಿನ್ ತಗೊಳ್ಳಲಿ? ಅದಕ್ಕೆ ಉತ್ತರ ಕೊಡುವ ಮೊದಲು ಎರಡು ವಿಷಯ ಗೊತ್ತಾಗಬೇಕು. ನಿಮ್ಮ ಹತ್ತಿರ ಇರುವ ಕಲ್ಲು ಯಾವುದು? ಕೊನೆಗೆ ಅದು ಯಾವ ಆಕಾರದಲ್ಲಿ ಬೇಕು? ಇವೆರಡು ತೀರ್ಮಾನವಾದರೆ ಸಾಧನದ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಮುಗಿಯುತ್ತದೆ. ಮೆಷಿನ್ ಮೊದಲು ಕೊಂಡು ಆಮೇಲೆ ಕಲ್ಲು ಹುಡುಕಲು ಹೊರಟರೆ ದುಡ್ಡೂ ಹೋಗುತ್ತದೆ, ಒಳ್ಳೆಯ ಕಲ್ಲೂ ಹಾಳಾಗುತ್ತದೆ.

ಹೊಳಪು ಅನ್ನುವುದು ಕಲ್ಲಿನ ಮೇಲೆ ಹಚ್ಚುವ ವಸ್ತುವಲ್ಲ. ದೊಡ್ಡ ಗೀರನ್ನು ಸಣ್ಣ ಗೀರಿನಿಂದ ಅಳಿಸಬೇಕು, ಅದನ್ನು ಇನ್ನೂ ಸಣ್ಣ ಗೀರಿನಿಂದ. ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಕಲ್ಲು ಹೊಳೆಯುತ್ತದೆ. ಮುನ್ನೂರು ರೂಪಾಯಿಯ ಸಾಮಾನಾಗಲಿ, ಲಕ್ಷದ ಮೆಷಿನ್ ಆಗಲಿ, ಮಾಡುವ ಕೆಲಸ ಇದೇ. ಉಜ್ಜುವ ಪುಡಿಗೆ ಒಂದು ನಂಬರ್ ಇರುತ್ತದೆ, ನಂಬರ್ ಜಾಸ್ತಿಯಾದಷ್ಟೂ ಪುಡಿ ನಯ. 80 ಅಂದರೆ ಒರಟು, 600 ಅಂದರೆ ಮಧ್ಯಮ. 3000 ನಂಬರಿನ ವಜ್ರದ ಪುಡಿಯ ಕಣ ಸುಮಾರು 6 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), 14000 ಅಂದರೆ ಸುಮಾರು 1 ಮೈಕ್ರಾನ್. ನಡುವೆ ಒಂದು ಮೆಟ್ಟಿಲು ಹಾರಿದರೆ ಆ ಗೀರು ಕೊನೆಯವರೆಗೂ ಉಳಿಯುತ್ತದೆ. ಎಷ್ಟು ಪಾಲಿಶ್ ಪುಡಿ ಹಾಕಿದರೂ ಅದು ಹೋಗುವುದಿಲ್ಲ.

ಮೊದಲು ಕಲ್ಲು ಎಷ್ಟು ಗಟ್ಟಿ ಅಂತ ನೋಡಿ

ಜರ್ಮನಿಯ ಖನಿಜತಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ 1ರಿಂದ 10ರ ಗಟ್ಟಿತನದ ಮಾಪಕ ಇವತ್ತಿಗೂ ನಮ್ಮ ಕೆಲಸಕ್ಕೆ ಸಾಕು. ಕ್ಯಾಲ್ಸೈಟ್ 3, ಫ್ಲೋರೈಟ್ 4, ಬೆಣಚುಕಲ್ಲು 7, ಮಾಣಿಕ್ಯ 9, ವಜ್ರ 10. ಅಗೇಟ್, ಜಾಸ್ಪರ್, ಕಾರ್ನೇಲಿಯನ್, ಅಮೆಥಿಸ್ಟ್, ಅವೆಂಚುರಿನ್ ಎಲ್ಲ ಬೆಣಚುಕಲ್ಲಿನ ಬಳಗವೇ. ಹಾಗಾಗಿ 7ರ ಆಸುಪಾಸಿನಲ್ಲೇ ಬರುತ್ತವೆ. ಗಾರ್ನೆಟ್ ಆರೂವರೆಯಿಂದ ಏಳೂವರೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕಲ್ಲಿನ ಮೂಲೆಯಿಂದ ಹಳೆಯ ಗಾಜಿನ ಚೂರಿನ ಮೇಲೆ ಗೀಚಿ. ಗಾಜಿನಲ್ಲಿ ಗೀರು ಬಿದ್ದು, ಚಾಕುವಿನ ಮೊನೆಯಿಂದ ಕಲ್ಲಿಗೇ ಏನೂ ಆಗದಿದ್ದರೆ ಅದು ಬೆಣಚುಕಲ್ಲಿನಷ್ಟು ಗಟ್ಟಿ ಅಂತ ಇಟ್ಟುಕೊಳ್ಳಬಹುದು. ಚಾಕುವಿನಿಂದ ಸುಲಭವಾಗಿ ಗೀರು ಬಿದ್ದು, ಗೀರಿದ ಪುಡಿಯ ಮೇಲೆ ನಿಂಬೆರಸ ಬಿಟ್ಟಾಗ ನೊರೆ ಬಂದರೆ ಅದು ಕ್ಯಾಲ್ಸೈಟ್ ಇಲ್ಲವೇ ಅಮೃತಶಿಲೆಯ ಜಾತಿ. ಅಂಥ ಕಲ್ಲನ್ನು ಬೆಣಚುಕಲ್ಲಿನ ಜೊತೆ ಒಂದೇ ಟಂಬ್ಲರ್‌ನಲ್ಲಿ, ಅಂದರೆ ಕಲ್ಲು ಉರುಳಿಸಿ ಪಾಲಿಶ್ ಮಾಡುವ ಡಬ್ಬಿಯಲ್ಲಿ, ಹಾಕಿದರೆ ಮೆತ್ತಗಿನದು ಸವೆದು ಕರಗಿಹೋಗುತ್ತದೆ.

ಕರ್ನಾಟಕದವರಿಗೆ ಇನ್ನೊಂದು ಮಾತು. ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯ ಹವ್ಯಾಸಿಗಳಲ್ಲಿ ಹೆಸರುವಾಸಿ. ಅದರೊಳಗೆ ರೂಟೈಲ್ ಅನ್ನುವ ಖನಿಜದ ಸೂಜಿಯಂಥ ಹರಳುಗಳು ಮೂರು ದಿಕ್ಕಿಗೆ ಸಾಲಾಗಿ ಇರುತ್ತವೆ. ಕಲ್ಲನ್ನು ಸರಿಯಾದ ದಿಕ್ಕಿನಲ್ಲಿ ಇಟ್ಟು ಗುಮ್ಮಟದ ಹಾಗೆ ಉಜ್ಜಿದರೆ ಮಾತ್ರ ಆರು ಕಾಲಿನ ನಕ್ಷತ್ರ ನಡುವೆ ಬಂದು ನಿಲ್ಲುತ್ತದೆ. ಅಂಥ ಕಲ್ಲನ್ನು ಟಂಬ್ಲರ್‌ಗೆ ಹಾಕಿದರೆ ಅದು ತನಗೆ ತೋಚಿದ ಆಕಾರಕ್ಕೆ ಸವೆಯುತ್ತದೆ, ನಕ್ಷತ್ರ ಎಲ್ಲೋ ಮೂಲೆಗೆ ಸರಿಯುತ್ತದೆ. ಸಾಧನಕ್ಕಿಂತ ಮೊದಲು ಕಲ್ಲು, ಆಕಾರ ಅಂದಿದ್ದು ಇದಕ್ಕೇ.

ನೀರಿಲ್ಲದೆ ಉಜ್ಜುವ ಯಾವ ಸಾಧನವೂ ಬೇಡ

ಬೆಲೆಯ ಮಾತಿಗಿಂತ ಮೊದಲು ಇದನ್ನು ಹೇಳಲೇಬೇಕು. ಗುಜರಾತಿನ ಖಂಭಾತ್ ಅಗೇಟ್ ಕೆಲಸಕ್ಕೆ ಹೆಸರಾದ ಊರು. ಅಲ್ಲಿ ಈ ಕಸುಬು ಮನೆಮನೆಯಲ್ಲೇ ನಡೆದುಕೊಂಡು ಬಂದಿದೆ. ಒಣ ಕಲ್ಲು ಉಜ್ಜಿದ ಧೂಳು ಕುಡಿದು ಅಲ್ಲಿನ ಎಷ್ಟೋ ಕೆಲಸಗಾರರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬಂದಿದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದರ ಬಗ್ಗೆ ಅಧ್ಯಯನಗಳನ್ನೇ ಮಾಡಿದೆ. ಬೆಣಚುಕಲ್ಲಿನ ಅತಿ ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಗಾಯ ಮಾಡಿ ಕೂರುತ್ತದೆ. ಒಮ್ಮೆ ಬಂದರೆ ವಾಸಿಯಾಗುವ ಕಾಯಿಲೆ ಅದಲ್ಲ.

ಮನೆ ಅಂದಮೇಲೆ ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ. ಆದ್ದರಿಂದ ಉಜ್ಜುವ ಜಾಗ ಯಾವಾಗಲೂ ಒದ್ದೆಯಾಗಿರಬೇಕು. ನೀರು ಧೂಳನ್ನು ಹಿಡಿಯುತ್ತದೆ, ಕಲ್ಲನ್ನು ತಂಪಾಗಿಡುತ್ತದೆ, ವಜ್ರದ ಪುಡಿಯ ಆಯಸ್ಸೂ ಹೆಚ್ಚುತ್ತದೆ. ಕೆಲಸ ಮುಗಿದ ಮೇಲೆ ಟೇಬಲ್ಲನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ರಾಡಿ ಒಣಗಿದರೆ ಮತ್ತೆ ಧೂಳೇ. ಎನ್95 ಮಾಸ್ಕ್ ಹಾಕಿಕೊಳ್ಳಿ, ಆದರೆ ಮಾಸ್ಕ್ ಇದೆ ಅಂತ ನೀರಿಲ್ಲದೆ ಉಜ್ಜಬೇಡಿ. ಮಲಕೈಟ್‌ನಲ್ಲಿ ತಾಮ್ರ ಇರುತ್ತದೆ, ಅದರ ಧೂಳು ಇನ್ನೂ ಕೆಟ್ಟದ್ದು. ನಾರು ನಾರಾಗಿ ಬಿಡಿಸಿಕೊಳ್ಳುವ ಹಸಿರು ಕಲ್ಲು ಸಿಕ್ಕಿದರೆ ಅದನ್ನು ಉಜ್ಜಲೇಬೇಡಿ. ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ.

ಈ ಲೆಕ್ಕದಲ್ಲಿ ಒಣ ಬೆಂಚ್ ಗ್ರೈಂಡರ್, ಆಂಗಲ್ ಗ್ರೈಂಡರ್ ಎರಡೂ ಪಟ್ಟಿಯಿಂದ ಹೊರಗೆ.

ಕೈಯಿಂದಲೇ: ವಾಟರ್ ಪೇಪರ್ ಮತ್ತು ಗ್ರಾನೈಟ್ ಪ್ಯಾಡ್

ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಕಾರಿನ ಪೇಂಟ್ ಅಂಗಡಿಯಲ್ಲಿ ಸಿಗುವ ಕಪ್ಪು ವಾಟರ್ ಪೇಪರ್‌ನಲ್ಲಿ ಇರುವುದು ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್. ಅದು 9ಕ್ಕಿಂತ ಗಟ್ಟಿ, ಆದ್ದರಿಂದ ಅಗೇಟನ್ನೂ ಸವೆಸುತ್ತದೆ. 220, 400, 600, 1000, 1500, 2000 ಹೀಗೆ ಒಂದೊಂದು ಹಾಳೆ ಸಾಕು. ಬಡಗಿಗಳ ಉಪ್ಪುಕಾಗದ ಇದಕ್ಕೆ ಆಗುವುದಿಲ್ಲ, ನೀರಿಗೆ ಬಿದ್ದರೆ ಬಿಟ್ಟುಕೊಳ್ಳುತ್ತದೆ.

ಚಪ್ಪಟೆ ಮುಖಕ್ಕೆ ಹಾಳೆಯನ್ನು ದಪ್ಪ ಗಾಜಿನ ಮೇಲಿಟ್ಟು ಉಜ್ಜಿ. ಗುಮ್ಮಟಕ್ಕೆ ಹಳೆಯ ರಬ್ಬರ್ ಚಪ್ಪಲಿಯ ತುಂಡಿನ ಮೇಲೆ ಹಾಳೆ ಸುತ್ತಿ. ರಬ್ಬರ್ ಬಗ್ಗುವುದರಿಂದ ಗುಮ್ಮಟದ ಮೇಲೆ ಚಪ್ಪಟೆ ಕಲೆಗಳು ಬೀಳುವುದಿಲ್ಲ. ಒಂದು ನಂಬರಿನಲ್ಲಿ ಒಂದು ದಿಕ್ಕಿಗೆ ಉಜ್ಜಿದರೆ ಮುಂದಿನ ನಂಬರಿನಲ್ಲಿ ಅದಕ್ಕೆ ಅಡ್ಡವಾಗಿ ಉಜ್ಜಿ. ಹಳೆಯ ಗೀರು ಉಳಿದಿದ್ದರೆ ಅಡ್ಡ ಬಿದ್ದು ತಕ್ಷಣ ಕಾಣುತ್ತದೆ. ನೋಡುವಾಗ ಕಲ್ಲನ್ನು ಪೂರ್ತಿ ಒರೆಸಿ ಒಣಗಿಸಿ. ಒದ್ದೆಯಾಗಿದ್ದಾಗ ನೀರು ಗೀರಿನೊಳಗೆ ತುಂಬಿಕೊಂಡು ಎಲ್ಲ ಕಲ್ಲೂ ಹೊಳೆಯುವ ಹಾಗೆ ಕಾಣುತ್ತದೆ. ಅಕ್ಕಸಾಲಿಗರು ಬಳಸುವ 10 ಪಟ್ಟಿನ ಭೂತಗನ್ನಡಿ ಒಂದಿರಲಿ.

ಈ ವಿಧಾನದ ಕಷ್ಟ ಏನೆಂದರೆ ಸಮಯ. ಒರಟು ಅಗೇಟ್ ಉಂಡೆಗೆ ಕೈಯಿಂದಲೇ ಆಕಾರ ಕೊಡುವುದು ಬಲು ನಿಧಾನ. ಕೊಯ್ದ ಹಲಗೆ ಅಥವಾ ಹೊಳೆಯಲ್ಲಿ ಉರುಳಿ ನುಣ್ಣಗಾದ ಕಲ್ಲಿನಿಂದ ಶುರು ಮಾಡಿದರೆ ಉತ್ಸಾಹ ಉಳಿಯುತ್ತದೆ. ಫ್ಲೋರೈಟ್, ಕ್ಯಾಲ್ಸೈಟ್‌ನಂಥ ಮೆತ್ತಗಿನ ಕಲ್ಲಿಗಂತೂ ಕೈಗಿಂತ ಒಳ್ಳೆಯ ಸಾಧನ ಇಲ್ಲ.

ಇನ್ನು ಗ್ರಾನೈಟ್ ಪ್ಯಾಡ್. ನಮ್ಮ ರಾಜ್ಯದಲ್ಲಿ ಇರುವವರಿಗೆ ಇದು ದೊಡ್ಡ ಅನುಕೂಲ. ಬೆಂಗಳೂರಿನ ಹತ್ತಿರದ ಜಿಗಣಿ ಕಡೆಯ ಗ್ರಾನೈಟ್ ಕೆಲಸದವರು ಅಂಚು ಪಾಲಿಶ್ ಮಾಡಲು 4 ಇಂಚಿನ, ಬಗ್ಗುವ ವಜ್ರದ ಪ್ಯಾಡ್ ಬಳಸುತ್ತಾರೆ. ಹಿಂದೆ ವೆಲ್ಕ್ರೋ ಇರುತ್ತದೆ. ನಂಬರ್ 50, 100, 200, 400, 800, 1500, 3000 ಹೀಗೆ ಹೋಗುತ್ತದೆ. ಗ್ರಾನೈಟ್ ಸಾಮಾನಿನ ಅಂಗಡಿಗಳಲ್ಲಿ ಇವು ಸಿಗುತ್ತವೆ. ಮೆಷಿನ್ ಇಲ್ಲದೆಯೇ ಅಂಗೈಯಲ್ಲಿ ಪ್ಯಾಡ್ ಹಿಡಿದು, ನೀರಿನ ಬೋಗುಣಿಯಲ್ಲಿ ಅದ್ದಿ ಅದ್ದಿ ಉಜ್ಜಬಹುದು. ವಾಟರ್ ಪೇಪರ್‌ಗಿಂತ ಬೇಗ ಸವೆಸುತ್ತದೆ, ಬಹಳ ಕಾಲ ಬಾಳುತ್ತದೆ. ಅದರಲ್ಲಿ ವಜ್ರ ಇರುವುದರಿಂದ ಮಾಣಿಕ್ಯಕ್ಕೂ ಆಗುತ್ತದೆ, ಕೈ ಮಾತ್ರ ಸೋಲುತ್ತದೆ. ಆಂಗಲ್ ಗ್ರೈಂಡರ್‌ಗೆ ಮಾತ್ರ ಇದನ್ನು ಸಿಕ್ಕಿಸಬೇಡಿ. ಆ ವೇಗಕ್ಕೆ ಪ್ಯಾಡಿನ ರಾಳ ಸುಟ್ಟು ಕಲ್ಲಿಗೆ ಮೆತ್ತಿಕೊಳ್ಳುತ್ತದೆ.

ಇದರ ಬಗ್ಗೆ ವಿದೇಶಿ ವಿಡಿಯೊಗಳಲ್ಲಿ ಅಷ್ಟಾಗಿ ಯಾರೂ ಹೇಳುವುದಿಲ್ಲ, ಅವರಿಗೆ ಬೇರೆ ಸಾಧನ ಸುಲಭವಾಗಿ ಸಿಗುತ್ತದೆ. ನಮಗೆ ಸುಲಭವಾಗಿ ಸಿಗುವುದು ಇದು.

ಸಣ್ಣ ರೋಟರಿ ಟೂಲ್

ಡ್ರೆಮೆಲ್ ಥರದ, ಕೈಯಲ್ಲಿ ಹಿಡಿಯುವ ಟೂಲನ್ನು ಜನ ಮೊದಲು ಕೊಳ್ಳುತ್ತಾರೆ. ಬೆಲೆ ಕಡಿಮೆ, ನೋಡಲು ಎಲ್ಲ ಕೆಲಸಕ್ಕೂ ಆಗುವ ಹಾಗೆ ಕಾಣುತ್ತದೆ. ಪಾಲಿಶ್‌ಗೆ ಇದು ಸರಿಯಾದ ಆಯ್ಕೆ ಅಲ್ಲ ಅಂತಲೇ ನನ್ನ ಅಭಿಪ್ರಾಯ. ಅದರ ತುದಿ ಕಡಲೆಕಾಳಿನಷ್ಟು ಚಿಕ್ಕದು. ಅಷ್ಟು ಚಿಕ್ಕ ತುದಿಯಿಂದ ಅಗಲವಾದ ಮೇಲ್ಮೈಯನ್ನು ಸಮ ಮಾಡಲು ಹೋದರೆ ಅಲೆ ಅಲೆಯಾಗಿ ತಗ್ಗು ಬೀಳುತ್ತದೆ. ನಿಮಿಷಕ್ಕೆ 35,000 ಸುತ್ತಿನವರೆಗೂ ತಿರುಗುವ ಮೆಷಿನ್ ಅದು. ಕಲ್ಲು ಒಂದೇ ಕಡೆ ಕಾದು ಬಿರಿಯಬಹುದು. ಓಪಲ್‌ಗಂತೂ ಈ ಬಿಸಿ ಆಗಿಬರುವುದೇ ಇಲ್ಲ.

ಹಾಗಂತ ಅದು ನಿಷ್ಪ್ರಯೋಜಕ ಅಲ್ಲ. ಕಲ್ಲಿಗೆ ತೂತು ಹಾಕಲು, ಕೆತ್ತನೆ ಮಾಡಲು, ಒಳಮೂಲೆಯ ಗೀರು ತೆಗೆಯಲು ಅದೇ ಬೇಕು. ಆ ಕೆಲಸ ನಿಮಗೆ ಬೇಕಿದ್ದರೆ ಅಕ್ಕಸಾಲಿಗರು ಬಳಸುವ, ಮೇಲೆ ಕೊಕ್ಕೆಗೆ ತೂಗುಹಾಕುವ ಮೋಟರ್ ನೋಡಿ. ಬಗ್ಗುವ ಉದ್ದದ ಶಾಫ್ಟ್ ಇರುತ್ತದೆ, ವೇಗ ಕಾಲಿನ ಪೆಡಲ್‌ನಲ್ಲಿರುತ್ತದೆ. ಮೋಟರ್ ನೀರಿನಿಂದ ದೂರ ಇರುವುದೇ ಅದರ ದೊಡ್ಡ ಗುಣ. ಬೆಂಗಳೂರಿನ ಅವೆನ್ಯೂ ರಸ್ತೆ, ನಗರ್ತಪೇಟೆ ಕಡೆಯ ಅಕ್ಕಸಾಲಿ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ.

ಟಂಬ್ಲರ್

ಒಂದು ಬೊಗಸೆ ಕಲ್ಲು ಇದೆ, ಆಕಾರ ಹೇಗಿದ್ದರೂ ಪರವಾಗಿಲ್ಲ, ಎಲ್ಲವೂ ನುಣ್ಣಗೆ ಹೊಳೆಯಬೇಕು ಅನ್ನುವವರಿಗೆ ಟಂಬ್ಲರ್. ಮಕ್ಕಳಿರುವ ಮನೆಗೂ ಇದೇ ಚೆನ್ನ. ಒಂದು ಡಬ್ಬಿ, ಕಲ್ಲು, ಸಿಲಿಕಾನ್ ಕಾರ್ಬೈಡ್ ಪುಡಿ, ನೀರು. ಸಣ್ಣ ಮೋಟರ್ ಅದನ್ನು ಹಗಲೂ ರಾತ್ರಿ ಉರುಳಿಸುತ್ತದೆ. 60/90, 120/220, 500 ಇಲ್ಲವೇ 600, ಆಮೇಲೆ ಪಾಲಿಶ್. ಒಂದೊಂದು ಹಂತಕ್ಕೆ ಹೆಚ್ಚುಕಡಿಮೆ ಒಂದು ವಾರ, ಒಟ್ಟು ಒಂದು ತಿಂಗಳು.

ಡಬ್ಬಿಯ ಮೂರನೇ ಎರಡು ಪಾಲಿನಿಂದ ಮುಕ್ಕಾಲು ಪಾಲಿನವರೆಗೆ ಕಲ್ಲು ತುಂಬಿರಬೇಕು. ಕಡಿಮೆ ಇದ್ದರೆ ಕಲ್ಲುಗಳು ಜಾರುವ ಬದಲು ಮೇಲಿಂದ ಬಿದ್ದು ಚೂರಾಗುತ್ತವೆ. ದೊಡ್ಡವು ಸಣ್ಣವು ಬೆರೆತಿರಬೇಕು, ಗಟ್ಟಿತನ ಮಾತ್ರ ಒಂದೇ ಇರಬೇಕು. ನೀರು ಕಲ್ಲಿನ ಮೇಲ್ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಹಂತ ಬದಲಾಯಿಸುವಾಗ ಡಬ್ಬಿ, ಮುಚ್ಚಳ, ಕಲ್ಲಿನ ಬಿರುಕು ಎಲ್ಲವನ್ನೂ ಚೆನ್ನಾಗಿ ತೊಳೆಯಿರಿ. 60ರ ಒಂದೇ ಒಂದು ಕಣ ಪಾಲಿಶ್ ಹಂತಕ್ಕೆ ಹೋದರೆ ಆ ಕಂತೆಗೆಲ್ಲ ಗೀರು. ತೊಳೆದ ರಾಡಿಯನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೆ ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ಕೆಳಗೆ ಕೂತದ್ದನ್ನು ಕವರಿಗೆ ಹಾಕಿ ಕಸಕ್ಕೆ ಕೊಡಿ.

ಕೊಳ್ಳುವಾಗ ನೋಡಬೇಕಾದ್ದು ಡಬ್ಬಿಯನ್ನು. ರಬ್ಬರ್ ಡಬ್ಬಿಗೆ ಸದ್ದು ಕಡಿಮೆ, ಪ್ಲಾಸ್ಟಿಕ್ ಡಬ್ಬಿ ಇಡೀ ರಾತ್ರಿ ಗಡಗಡ ಅನ್ನುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಇದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬೆಲ್ಟ್ ಬಿಡಿಯಾಗಿ ಸಿಗುತ್ತದೆಯೇ ಅಂತಲೂ ಕೇಳಿ, ಮೊದಲು ಹೋಗುವುದು ಅದೇ. ಕರೆಂಟ್ ಹೋಗಿ ಬಂದರೆ ಚಿಂತೆ ಬೇಡ, ಅಷ್ಟು ಹೊತ್ತು ಜಾಸ್ತಿ ಓಡಿಸಿದರಾಯಿತು.

ಸಂಡೂರು ಕಡೆಯ ಪಟ್ಟೆ ಪಟ್ಟೆ ಕಬ್ಬಿಣದ ಜಾಸ್ಪರ್ ಹಾಕುವುದಿದ್ದರೆ ಅದನ್ನೊಂದೇ ಹಾಕಿ. ಅದರ ಹೆಮಟೈಟ್ ಸವೆದು ರಾಡಿಯೆಲ್ಲ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ, ಜೊತೆಗಿರುವ ಬಿಳಿ ಕಲ್ಲಿನ ಬಿರುಕಿಗೆಲ್ಲ ಕೆಂಪು ಹಿಡಿಯುತ್ತದೆ.

ಅದುರುವ ಜಾತಿಯ ಟಂಬ್ಲರ್ ಬೇರೆ. ಅದು ಉರುಳಿಸುವುದಿಲ್ಲ, ಅಲ್ಲಾಡಿಸುತ್ತದೆ. ಮೊದಲೇ ಕೊಟ್ಟ ಆಕಾರ ಉಳಿಯುತ್ತದೆ, ವಾರದ ಕೆಲಸ ಕೆಲವೇ ದಿನಕ್ಕೆ ಮುಗಿಯುತ್ತದೆ. ಆದರೆ ನೀರು ಬೇಗ ಆರುವುದರಿಂದ ದಿನಕ್ಕೆರಡು ಸಲ ನೋಡುತ್ತಿರಬೇಕು. ಬಹಳಷ್ಟು ಕಲ್ಲಿಗೆ ಒಟ್ಟಿಗೆ ಕೊನೆಯ ಹೊಳಪು ಕೊಡುವವರಿಗೆ ಸರಿ, ಮೊದಲ ಸಾಧನವಾಗಿ ಬೇಡ.

ಫ್ಲಾಟ್ ಲ್ಯಾಪ್ ಮತ್ತು ಕ್ಯಾಬ್ ಮೆಷಿನ್

ಉಂಗುರಕ್ಕೋ ಪದಕಕ್ಕೋ ಕೂರಿಸುವಂಥ, ಕೆಳಗೆ ಚಪ್ಪಟೆ ಮೇಲೆ ಗುಮ್ಮಟ ಇರುವ ಕಲ್ಲಿಗೆ ಕ್ಯಾಬೊಶಾನ್, ಚಿಕ್ಕದಾಗಿ ಕ್ಯಾಬ್, ಅನ್ನುತ್ತಾರೆ. ಅದನ್ನು ಮೇಲಿಂದ ಮೇಲೆ ಮಾಡುವ ಆಸೆ ಇದ್ದರೆ ಈ ಎರಡರಲ್ಲಿ ಒಂದು ಬೇಕು.

ಫ್ಲಾಟ್ ಲ್ಯಾಪ್ ಅಂದರೆ ಮಲಗಿ ತಿರುಗುವ ಒಂದು ತಟ್ಟೆ. 6 ಅಥವಾ 8 ಇಂಚಿನ ವಜ್ರದ ಡಿಸ್ಕ್ ಮೇಲಿಟ್ಟು, ನೀರು ತೊಟ್ಟಿಕ್ಕಿಸಿ ಉಜ್ಜುವುದು. ಪ್ರತಿ ನಂಬರಿಗೂ ಡಿಸ್ಕ್ ಬದಲಾಯಿಸಬೇಕು. ಅಂಚಿನಲ್ಲಿ ವೇಗ ಜಾಸ್ತಿ, ನಡುವೆ ವೇಗವೇ ಇಲ್ಲ, ಆದ್ದರಿಂದ ಕಲ್ಲನ್ನು ಎಲ್ಲಿ ಇಡಬೇಕು ಅನ್ನುವುದು ಕೈಗೆ ಅಭ್ಯಾಸವಾಗಬೇಕು. ಚಪ್ಪಟೆ ಹಲಗೆಗೆ, ಅಗೇಟಿನ ಅರ್ಧ ಉಂಡೆಗೆ ಇದನ್ನು ಮೀರಿದ್ದಿಲ್ಲ. ಗುಮ್ಮಟವನ್ನೂ ಮಾಡಬಹುದು, ಕಲ್ಲನ್ನು ಸತತವಾಗಿ ತಿರುಗಿಸುತ್ತಿರಬೇಕು. ಜಾಗ ಕಡಿಮೆ, ಬೆಲೆಯೂ ಕಡಿಮೆ.

ಕ್ಯಾಬ್ ಮೆಷಿನ್‌ನಲ್ಲಿ ಒಂದೇ ಕಂಬಿಗೆ ಆರು ಚಕ್ರ ಸಾಲಾಗಿ ಇರುತ್ತವೆ. ಸಾಮಾನ್ಯವಾಗಿ 80, 220 ಉಕ್ಕಿನ ಗಟ್ಟಿ ಚಕ್ರ, 280, 600, 1200, 3000 ರಾಳದ ಮೆತ್ತನೆ ಚಕ್ರ. ಎಡದಿಂದ ಬಲಕ್ಕೆ ಸರಿಯುತ್ತಾ ಹೋದರೆ ಕಲ್ಲು ತಯಾರು. ಮೆತ್ತನೆ ಚಕ್ರ ಗುಮ್ಮಟಕ್ಕೆ ತಕ್ಕ ಹಾಗೆ ಒಳಗೆ ಬಗ್ಗುವುದೇ ಇದರ ಸುಖ. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಒಳ್ಳೆಯ ವಿದೇಶಿ ಮೆಷಿನ್ನಿಗೆ ಲಕ್ಷದ ಮೇಲಾಗುತ್ತದೆ. ಕೈಯಿಂದ ಕೆಲವು ಕ್ಯಾಬ್ ಮಾಡಿ, ಆ ಕೆಲಸ ನಿಮಗೆ ಖುಷಿ ಕೊಡುತ್ತದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ. ಯಾವುದರಲ್ಲೇ ಆಗಲಿ, ಚಿಕ್ಕ ಕಲ್ಲನ್ನು ಬೆರಳಲ್ಲಿ ಹಿಡಿಯಬೇಡಿ. ಕಡ್ಡಿಯ ತುದಿಗೆ ಅರಗು ಕಾಯಿಸಿ ಕಲ್ಲನ್ನು ಅಂಟಿಸಿಕೊಳ್ಳಿ.

ಗಟ್ಟಿ, ಮೆತ್ತನೆ ಚಕ್ರದ ಫರಕು ಎಷ್ಟು ಮುಖ್ಯ ಅಂತ ತಿಳಿಯಲು ನಮ್ಮದೇ ಕಲ್ಲೊಂದನ್ನು ನೋಡಿ. ಕರ್ನಾಟಕದಲ್ಲಿ ಸಿಗುವ, ಹಸಿರು ಫುಕ್ಸೈಟಿನೊಳಗೆ ಕೆಂಪು ಮಾಣಿಕ್ಯ ಕೂತಿರುವ ಕಲ್ಲು. ಮಾಣಿಕ್ಯ 9. ಫುಕ್ಸೈಟ್ ಅಂದರೆ ಕ್ರೋಮಿಯಂ ಇರುವ ಕಾಗೆಬಂಗಾರ, ಅದು 2ರಿಂದ 3. ಇವೆರಡರ ನಡುವೆ ಎಷ್ಟೋ ಸಲ ಕಯನೈಟ್‌ನ ನೀಲಿ ಅಂಚು ಬೇರೆ. ಇದನ್ನು ಮೆತ್ತನೆ ಚಕ್ರಕ್ಕೆ ಒತ್ತಿದರೆ ಹಸಿರು ಭಾಗ ತಗ್ಗಾಗಿ, ಮಾಣಿಕ್ಯ ಗುಬುಟಿನಂತೆ ಎದ್ದು ನಿಲ್ಲುತ್ತದೆ. ಉಗುರಿನಿಂದ ಸವರಿದರೆ ತಡೆಯುವುದು ಗೊತ್ತಾಗುತ್ತದೆ. ಟಂಬ್ಲರ್‌ಗೆ ಹಾಕಿದರೆ ಇನ್ನೂ ಹೆಚ್ಚು ತಗ್ಗು. ಇದಕ್ಕೆ ಗಟ್ಟಿ ತಟ್ಟೆಯ ಮೇಲಿನ ಹೊಸ, ಹರಿತವಾದ ವಜ್ರವೇ ಬೇಕು, ಒತ್ತಡ ಕಡಿಮೆ ಇರಬೇಕು. ಆದ್ದರಿಂದ ಈ ಕಲ್ಲಿನ ಮಟ್ಟಿಗೆ ಅಗ್ಗದ ಫ್ಲಾಟ್ ಲ್ಯಾಪ್, ದುಬಾರಿ ಕ್ಯಾಬ್ ಮೆಷಿನ್ನಿಗಿಂತ ಮೇಲು.

ವಜ್ರದ ಹರಳಿನ ಹಾಗೆ ಮುಖ ಮುಖವಾಗಿ ಕತ್ತರಿಸುವ ಕೆಲಸಕ್ಕೆ ಕೋನ ಅಳೆಯುವ ಬೇರೆಯದೇ ಮೆಷಿನ್ ಬೇಕು. ಬೆಣಚುಕಲ್ಲಿನಲ್ಲಿ ಕೆಳಗಿನ ಮುಖಗಳ ಕೋನ 41 ಡಿಗ್ರಿಗಿಂತ ಇಳಿದರೆ ಬೆಳಕು ಹಿಂದಿನಿಂದ ಸೋರಿಹೋಗಿ ಕಲ್ಲು ಮಂಕಾಗುತ್ತದೆ. ಅದನ್ನು ಕ್ಯಾಬ್ ಕಲಿತ ಮೇಲೆ ನೋಡಿಕೊಳ್ಳಿ.

ಕೊನೆಯ ಪುಡಿ

ಬೆಣಚುಕಲ್ಲಿನ ಬಳಗಕ್ಕೆ ಸೀರಿಯಂ ಆಕ್ಸೈಡ್. ಗಾಜು ಪಾಲಿಶ್ ಮಾಡುವವರೂ ಅದನ್ನೇ ಬಳಸುವುದರಿಂದ ಸಿಗುವುದು ಕಷ್ಟವಿಲ್ಲ. ಕೆನೆಯಷ್ಟು ದಪ್ಪ ಕಲಸಿ, ಒದ್ದೆ ಚರ್ಮದ ತುಂಡಿಗೆ ಹಚ್ಚಿ ಉಜ್ಜಿ. ಚರ್ಮ ಇನ್ನೇನು ಒಣಗಬೇಕು ಅನ್ನುವಾಗ ಕಲ್ಲು ಹಿಡಿದೆಳೆದಂತಾಗುತ್ತದೆ, ಹೊಳಪು ಏರುವುದು ಆಗಲೇ. ಮಾಣಿಕ್ಯಕ್ಕೆ ಇದು ಏನೂ ಮಾಡುವುದಿಲ್ಲ, 14000ದ ವಜ್ರದ ಪೇಸ್ಟೇ ಬೇಕು. ಇನ್ನೊಂದು ಪಾಲಿಶ್ ಪುಡಿ, ಹಸಿರು ಕ್ರೋಮಿಯಂ ಆಕ್ಸೈಡ್, ಬಿರುಕಿಗೆ ಇಳಿದರೆ ಆ ಬಣ್ಣ ಹೋಗುವುದಿಲ್ಲ, ತಿಳಿ ಬಣ್ಣದ ಕಲ್ಲಿಗೆ ಬೇಡ.

ದುಡ್ಡು ಕೊಡುವ ಮುಂಚೆ

ಅಮೆರಿಕದಿಂದ ನೆಂಟರ ಕೈಲಿ ಮೆಷಿನ್ ತರಿಸುವವರು ಹಿಂದಿನ ಲೇಬಲ್ ಓದಿ. ಅಲ್ಲಿನದು 110–120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ನೇರ ಸಿಕ್ಕಿಸಿದರೆ ಮೋಟರ್ ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೂ ಸಾಧಾರಣ ಇಂಡಕ್ಷನ್ ಮೋಟರಿನ ವೇಗ ಆರನೇ ಒಂದು ಪಾಲು ಇಳಿಯುತ್ತದೆ. ನಿಮಿಷಕ್ಕೆ 1725 ಸುತ್ತಿನದು 1440ರ ಹತ್ತಿರ ಬರುತ್ತದೆ, ಬಿಸಿಯೂ ಜಾಸ್ತಿಯಾಗುತ್ತದೆ. 230 ವೋಲ್ಟಿನದೇ ಕೇಳಿ ತರಿಸಿ.

ನೀರು, ಕರೆಂಟು ಒಂದೇ ಟೇಬಲ್ ಮೇಲೆ ಇರುವ ಕೆಲಸ ಇದು. ಆ ಸಾಲಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್ ಎರಡೂ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತುಬೀಳಲಿ, ಅದರ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಹಳೆಯ ಮೆಷಿನ್ ಕೊಳ್ಳುವುದಾದರೆ ಆಫ್ ಮಾಡಿಸಿ ಕಂಬಿಯನ್ನು ಹಿಡಿದು ಅಲ್ಲಾಡಿಸಿ ನೋಡಿ. ಸ್ವಲ್ಪ ಸಡಿಲ ಇದ್ದರೂ ಚಕ್ರ ಕುಣಿಯುತ್ತದೆ, ಕುಣಿಯುವ ಚಕ್ರದಲ್ಲಿ ಯಾವ ಕಲ್ಲೂ ಸಮವಾಗುವುದಿಲ್ಲ. ಬೇರಿಂಗ್ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.